ಸೀದ ಹಾಲು, ಮುಚ್ಚಿದ ಕಿಟಕಿ

ಗಾಳಿಗಾಲ ಶುರುವಾಗಿತ್ತು. ಬೀದಿಯ ಧೂಳು ಹಸಿ ಪಾಲಿಶಿನ ಮೇಲೆ ಕೂರಬಾರದೆಂದು ಪಾಲಿಶ್ ಕೆಲಸದವನು ಎಂದೋ ಕಿಟಕಿ ಮುಚ್ಚಿ ಅಡ್ಡಪಟ್ಟಿ ಬಡಿದು, ಬಾಗಿಲ ಸಂದಿಗೂ ಬಟ್ಟೆ ತುರುಕಿದ್ದ. ಒಳಗೆ ಅವನು ಪಾಲಿಶ್ ತೆಳುವಾಗಲೆಂದು ಥಿನ್ನರ್ ಬೆರೆಸಿ ಬೀರುವಿಗೆ ಬಳಿಯುತ್ತಿದ್ದರೆ, ಹೆಂಡತಿ ಉಪ್ಪುಕಾಗದ ಹಿಡಿದು ಅದರ ಬಾಗಿಲು ಉಜ್ಜುತ್ತಿದ್ದಳು. ಬೆಳಗಿನಿಂದ ಅವಳ ತಲೆ ಸಿಡಿಯುತ್ತಿತ್ತು. "ಮಳೆ ಬೀಳ್ಲಿ, ಧೂಳು ಅಡಗುತ್ತೆ, ಕಿಟಕಿ ತೆಗೀತೀನಿ" ಎಂದು ಅವನು ಮಾತು ಕೊಟ್ಟ ಮೇಲೆ ಎರಡು ಮಳೆಗಾಲ ಕಳೆದಿದ್ದವು.

ಪಕ್ಕದ ಮನೆಯ ನರ್ಸಕ್ಕ ದಬದಬ ಬಾಗಿಲು ಬಡಿದರು.

"ಹಾಲು ಸೀದು ಬೀದಿಯೆಲ್ಲ ನಾರ್ತಿದೆ! ಇಬ್ಬರಲ್ಲಿ ಒಬ್ಬರಿಗಾದ್ರೂ ಮೂಗಿದೆಯೋ ಇಲ್ವೋ?"

ಹೆಂಡತಿ ಅಡುಗೆಮನೆಗೆ ಓಡಿದಳು. ಪಾತ್ರೆಯ ತಳ ಕರ್ರಗಾಗಿತ್ತು. ಬಗ್ಗಿ ಮೂಸಿದಳು. ಯಾವ ವಾಸನೆಯೂ ತಿಳಿಯಲಿಲ್ಲ.

"ಅಯ್ಯೋ, ಹಾಲು ಹೋಯ್ತಾ! ಸಂಜೆ ಒಂದು ಲೋಟ ಕುಡಿದ್ರೆ ಥಿನ್ನರೆಲ್ಲ ತೊಳೆದು ಹೋಗುತ್ತೆ," ಎಂದ ಗಂಡ, ಥಿನ್ನರಿನಲ್ಲೇ ಕೈ ತೊಳೆಯುತ್ತ.

"ಹಾಲು ಹೋಗೋದು ಹೊಟ್ಟೆಗೆ ಕಣಪ್ಪ. ಥಿನ್ನರ್ ಆವಿ ಹೋಗೋದು ರಕ್ತಕ್ಕೆ," ಎಂದರು ಒಳಗೆ ಬಂದ ನರ್ಸಕ್ಕ. "ಮೈಯ ಒಂದೊಂದು ಜೀವಕೋಶದಲ್ಲೂ ಸಣ್ಣ ಸಣ್ಣ ಕಿಡಿ ಏಳ್ತಿರುತ್ತೆ ಅಂದ್ಕೋ. ಆರಿಸೋಕೆ ಅಲ್ಲೇ ಕಾವಲಿನವರಿದ್ದಾರೆ. ಆಂಟಿಆಕ್ಸಿಡೆಂಟ್ ಅಂತಾರೆ. ಥಿನ್ನರ್ ಒಳಗೆ ಹೋದಷ್ಟೂ ಕಿಡಿ ಜಾಸ್ತಿ. ಆರಿಸಿ ಆರಿಸಿ ಕಾವಲಿನವರು ಕಮ್ಮಿಯಾಗ್ತಾರೆ. ಆಮೇಲೆ ಕೋಶಕ್ಕೇ ಬಿಸಿ ತಟ್ಟುತ್ತೆ."

"ಹಣ್ಣು ತಿಂದ್ರಾಯ್ತು ಬಿಡಿ, ಕಾವಲಿನವರು ಮತ್ತೆ ಹುಟ್ಟಿಕೊಳ್ತಾರೆ," ಎಂದ ಗಂಡ.

"ತಿನ್ನು, ಬೇಡ ಅಂದೋರ್ಯಾರು? ಒಂದು ಕೈಲಿ ನೀರು ಹಾಕಿ ಇನ್ನೊಂದು ಕೈಲಿ ಸೀಮೆಎಣ್ಣೆ ಸುರಿದ್ರೆ ಬೆಂಕಿ ಆರುತ್ತಾ?"

"ಇಷ್ಟು ವರ್ಷ ನನಗೇನೂ ಆಗಿಲ್ವಲ್ಲಕ್ಕ!"

"ಹಾಲು ಸೀದದ್ದು ಗೊತ್ತಾಯ್ತಾ ನಿಮಗೆ?" ಹೆಂಡತಿ ಕೇಳಿದಳು.

ಅವನೂ ಹೋಗಿ ಪಾತ್ರೆ ಮೂಸಿದ, ಅವನಿಗೂ ವಾಸನೆ ತಿಳಿಯಲಿಲ್ಲ.

ಅವಳು ಕೈಯಲ್ಲೇ ಉಳಿದಿದ್ದ ಉಪ್ಪುಕಾಗದ ಕೆಳಗಿಟ್ಟಳು. "ಕಿಟಕಿ ತೆಗೆಯೋ ತನಕ ನಾನಿದನ್ನ ಮುಟ್ಟಲ್ಲ."

"ಧೂಳು ಕೂತ ಬೀರು ನಿಮ್ಮಪ್ಪ ತಗೋತಾರಾ?"

"ಬೆಳಗಿನ ಜಾವ ಗಾಳಿ ಇರಲ್ಲ, ಆಗ ಬಳೀರಿ. ನೆಲಕ್ಕೆ ನಾನು ನೀರು ಚಿಮುಕಿಸ್ತೀನಿ. ಉಜ್ಜೋದೆಲ್ಲ ಹಿತ್ತಲಲ್ಲಿ."

"ಮೊದಲು ಆ ಥಿನ್ನರ್ ಡಬ್ಬಿ ಮುಚ್ಚಿ ಒಲೆಯಿಂದ ದೂರ ಇಡು," ಎಂದರು ನರ್ಸಕ್ಕ. "ಕೈಗೆ ಎಣ್ಣೆ ಸವರಿ ಸೋಪಲ್ಲಿ ತೊಳಿ. ಮೂಗಿಗೆ ಬಟ್ಟೆ ಕಟ್ಟಿದ್ರೆ ಆವಿ ನಿಲ್ಲಲ್ಲ, ಆವಿ ಹೀರೋ ಇದ್ದಿಲು ತುಂಬಿದ ಮಾಸ್ಕೇ ಬೇಕು, ಅಂಗಡೀಲಿ ಸಿಗುತ್ತೆ. ನಾಳೆ ಇಬ್ಬರೂ ಆಸ್ಪತ್ರೆಗೆ ಬನ್ನಿ, ಡಾಕ್ಟರ್ ನೋಡ್ಲಿ."

ಅವನು ಹೆಂಡತಿಯ ಮುಖ ನೋಡಿದ. ಅವಳು ಜಗ್ಗುವ ಹಾಗೆ ಕಾಣಲಿಲ್ಲ. ಸುತ್ತಿಗೆ ಎತ್ತಿಕೊಂಡು ಕಿಟಕಿಯತ್ತ ನಡೆದ. ತುಕ್ಕು ಹಿಡಿದ ಮೊಳೆಗಳು ಕಿರುಗುಟ್ಟುತ್ತ ಒಂದೊಂದಾಗಿ ಕಳಚಿದವು, ಬೆಳಕು ಒಳಗೆ ನುಗ್ಗಿತು. ಎರಡು ಮಳೆಗಾಲದ ಬಾಕಿ ಮಾತು ತೀರಿತು. ಅವಳು ಗಾಳಿಗೆ ಮುಖವೊಡ್ಡಿ ಎದೆ ತುಂಬ ಉಸಿರೆಳೆದುಕೊಂಡಳು.

ಅಣ್ಣಂದಿರೇ, ಅಕ್ಕಂದಿರೇ, ಪೇಂಟು, ಪಾಲಿಶ್, ಅಂಟು, ನಿಮ್ಮ ಕೆಲಸ ಯಾವುದೇ ಇರಲಿ. ಡಬ್ಬಿಯ ಮುಚ್ಚಳ ತೆಗೆಯುವ ಮೊದಲು ಕಿಟಕಿ ತೆಗೆಯಿರಿ.