ಹುರುಳಿ ಹಾಸಿದ ದಾರಿ

ಕೊಟ್ಟೂರಿನ ಕಾಳುಕಡಿ ವ್ಯಾಪಾರಿ ಬೆನಕಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಮಗಳು ಶಾಂಭವಿಯ ಮಾತು ಬಂದರೆ ಮಾತ್ರ ಆ ಮನುಷ್ಯ ಬೆಣ್ಣೆ. ಹತ್ತನೇ ತರಗತಿಯ ಆ ಹುಡುಗಿಗೆ ಚಿಕ್ಕಂದಿನಿಂದ ದಮ್ಮು. ಲಾರಿ ಹೊಗೆ ಮೂಗಿಗೆ ಬಡಿದರೆ ಸಾಕು, ಎದೆ ಸುಂಯ್ ಅನ್ನತೊಡಗುತ್ತಿತ್ತು. ಆಗ ಔಷಧದ ಪಂಪನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿ ನಿಲ್ಲುತ್ತಿದ್ದಳು. ಅವಳ ಉಸಿರು ತಿರುಗುವ ತನಕ ಬೆನಕಪ್ಪನ ಜೀವದಲ್ಲಿ ಜೀವ ಇರುತ್ತಿರಲಿಲ್ಲ. ಆಸ್ಪತ್ರೆಗೆ ಓಡಲು ಮನೆಯಲ್ಲೊಂದು ಗಾಡಿ ಬೇಕು ಅಂತ ಹೆಂಡತಿ ನಾಗಲಿಂಗಮ್ಮ ದಿನಾ ಅವನ ತಲೆ ತಿನ್ನುತ್ತಿದ್ದಳು.

ಅದು ಎರಡು ಸಾವಿರದ ಇಸವಿ. ಗೆಳೆಯ ಹಾಲೇಶಪ್ಪ ತನ್ನ ಹಳೇ ಡೀಸೆಲ್ ಜೀಪನ್ನು ಅಗ್ಗಕ್ಕೆ ಕೊಡುತ್ತೇನೆ ಅಂದ. ಜೀಪೇನೋ ಕಲ್ಲುಗುಂಡು. ಆದರೆ ಅದು ಹೊರಟಿತೆಂದರೆ ಹಿಂದಿನ ಓಣಿಯೇ ಕಾಣುತ್ತಿರಲಿಲ್ಲ. ಅಂಥ ಹೊಗೆ ಗಾಡಿಯಲ್ಲಿ ದಮ್ಮಿನ ಹುಡುಗಿಯನ್ನು ಕೂರಿಸುವುದುಂಟೇ! ಬೆನಕಪ್ಪ ಮಗಳನ್ನು ಕರೆದುಕೊಂಡು ದಾವಣಗೆರೆಯ ಷೋರೂಮಿಗೆ ಹೋದ.

"ಹೋದ ವರ್ಷ ನಮ್ಮ ಬೀಗರು ತಗೊಂಡಾರಲ್ಲ, ಅಂಥಾದ್ದ ಒಂದು ಕೊಡ್ರಿ" ಅಂದ.

"ಅದು ಈಗ ಬರಲ್ಲ ಸಾರ್" ಅಂದ ಷೋರೂಮಿನವನು. "ಹೊಗೆ ಕಾನೂನು ಬದಲಾಗೇತಿ. ಈಗಿನ ಪೆಟ್ರೋಲ್ ಕಾರಿಗೆಲ್ಲ ಕೆಳಗೊಂದು ಡಬ್ಬಿ ಇರ್ತತಿ. ಹೊಗೆಯೊಳಗಿನ ವಿಷ ಅದರಾಗೇ ಸುಟ್ಟು ಹೋಗ್ತತಿ. ಅದಕ್ಕೇ ರೇಟೂ ಒಂದೀಟು ಜಾಸ್ತಿ."

ಬೆನಕಪ್ಪ ಸಿಡಿದ. "ರೊಕ್ಕ ನಂದು, ಗಾಡಿ ನಂದು. ನನಗ ಎಂಥಾದ್ದು ಬೇಕು ಅಂತ ದಿಲ್ಲಿಯಾಗ ಕುಂತವರು ಹೇಳಬೇಕೇನು? ಡಬ್ಬಿ ಬಿಚ್ಚಿ ಕೊಡ್ರಿ!"

ಅಷ್ಟರಲ್ಲಿ ಶಾಂಭವಿ, ಚಾಲೂ ಇದ್ದ ಕಾರಿನ ಹಿಂದೆ ಹೋಗಿ ನಿಂತುಬಿಟ್ಟಿದ್ದಳು. ಬೆನಕಪ್ಪ ಅವಳನ್ನು ಈಚೆಗೆ ಎಳೆಯಲು ಧಾವಿಸಿದ. ಅವಳು ಮೂಗು ಮುಚ್ಚಿಕೊಳ್ಳಲಿಲ್ಲ, ಕೆಮ್ಮಲೂ ಇಲ್ಲ. ನಗುತ್ತ ತಿರುಗಿ, "ಅಪ್ಪಾ, ಎದಿ ಏನೂ ಅನ್ನವಲ್ದು. ಇದನ್ನ ತಗೊಳ್ಳೋಣ" ಅಂದಳು.

ಮುಗಿಯಿತು. ಬೆನಕಪ್ಪ ಮತ್ತೆ ಚೌಕಾಶಿ ಮಾಡಲಿಲ್ಲ. ಬೀಗದ ಕೈ ಕೊಡುವಾಗ ಷೋರೂಮಿನವನು, "ಆ ಡಬ್ಬಿ ಕೆಂಡದಂಗ ಕಾಯ್ತತಿ ಸಾರ್. ಒಣ ಹುಲ್ಲಿನ ಮ್ಯಾಲೆ ನಿಲ್ಲಿಸಬ್ಯಾಡ್ರಿ" ಅಂದ.

"ಇದೇನು ಎಮ್ಮಿ ಏನಪ್ಪ, ಹುಲ್ಲಿನ ಮ್ಯಾಲೆ ಕಟ್ಟಾಕ?" ಅಂದ ಬೆನಕಪ್ಪ. ಅಪ್ಪ ಮಗಳು ದಾರಿಯುದ್ದಕ್ಕೂ ಆ ಮಾತಿಗೆ ನಕ್ಕರು.

ಮುಂದೆ ಹುರುಳಿ ಸುಗ್ಗಿ ಬಂತು. ನಮ್ಮ ಕಡೆ ಹುರುಳಿಗೆ ಕಣ ಬೇರೆ ಯಾಕೆ? ಹರಪನಹಳ್ಳಿ ರಸ್ತೆಯೇ ಕಣ, ಹೋಗಿಬರುವ ಬಸ್ಸು ಲಾರಿಗಳೇ ಎತ್ತು. ಬೆನಕಪ್ಪನ ಹೊಲ ನೋಡಿಕೊಳ್ಳುವ ಸುಂಕಪ್ಪ, ಅವನ ಹೆಂಡತಿ ಮೈಲಮ್ಮ ಆ ಭಾನುವಾರ ಡಾಂಬರಿನ ಮೇಲೆ ಒಣಗಿದ ಹುರುಳಿ ಗಿಡವನ್ನು ಮೊಣಕಾಲೆತ್ತರ ಹಾಸಿದ್ದರು. ಬೆನಕಪ್ಪನೇ ಹಾಸಲು ಹೇಳಿದ್ದ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊಸ ಕಾರಿನಲ್ಲಿ ಬಂದವನಿಗೆ ಹುರುಪೋ ಹುರುಪು.

"ಸಾವ್ಕಾರ್ರ, ಇವತ್ತು ನಿಮ್ಮ ಕಾರೇ ಒಕ್ಕಲಿ" ಅಂತ ಸುಂಕಪ್ಪ ಕೀಟಲೆ ಮಾಡಿದ.

"ಯಾಕ ಒಕ್ಕಬಾರದಲೇ? ತಿರುವಿ ಹಾಕು, ನೋಡುವಂತಿ!"

ಧೂಳಿಗೆ ದಮ್ಮು ಏಳಬಾರದೆಂದು ಕಿಟಕಿ ಗಾಜುಗಳನ್ನೆಲ್ಲ ಏರಿಸಿ ಬೆನಕಪ್ಪ ಹುರುಳಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಕಾರು ಓಡಿಸಿದ. ಗಿಡ ಚಟಚಟ ಅನ್ನುತ್ತಿತ್ತು, ಶಾಂಭವಿ ಕೈ ತಟ್ಟಿ ನಗುತ್ತಿದ್ದಳು. ಬಳ್ಳಿ ಕಾರಿನ ಹೊಟ್ಟೆಗೆಲ್ಲ ಸುತ್ತಿಕೊಳ್ಳುತ್ತಿದ್ದುದು ಯಾರ ಕಣ್ಣಿಗೂ ಬೀಳಲಿಲ್ಲ. ಕಡೆಗೆ ನಟ್ಟನಡುವೆ ಕಾರು ನಿಲ್ಲಿಸಿ, ಇಂಜಿನ್ ಚಾಲೂ ಇಟ್ಟು, ಕಾಳು ಎಷ್ಟು ಉದುರಿದೆ ನೋಡಲು ಅವನು ಕೆಳಗಿಳಿದ. ಬೊಗಸೆ ತುಂಬ ಕಾಳೆತ್ತಿ ಊದಿದ. ಹಿಂದೆ ಕಾರಿನ ಕೆಳಗಿಂದ ಹೊಗೆ ಎದ್ದದ್ದನ್ನು ಕಂಡು, ಚಕ್ರ ಎಬ್ಬಿಸಿದ ಧೂಳು ಅಂದುಕೊಂಡ. ಅಯ್ಯೋ, ಆ ಒಂದು ಗಳಿಗೆ!

"ಬೆಂಕಿ! ಯವ್ವಾ, ಕೂಸು ಒಳಗೈತಿ!" ಮೈಲಮ್ಮ ಬಾಯಿ ಬಾಯಿ ಬಡಿದುಕೊಂಡಳು.

ಶಾಂಭವಿ ಕೂತಿದ್ದ ಬದಿಗೆ ಆಗಲೇ ಉರಿ ಏರಿತ್ತು. ಬೆನಕಪ್ಪ ತನ್ನ ಬದಿಯ ಬಾಗಿಲಿನಿಂದ ನುಗ್ಗಿ, ಹೊಗೆಯಲ್ಲಿ ತಡಕಾಡಿ, ಮಗಳ ತೋಳು ಹಿಡಿದು ದರದರ ಎಳೆದ. ಲಂಗದ ಅಂಚು ಸುಟ್ಟಿತ್ತು, ಮೈಗೆ ಬೆಂಕಿ ತಾಗಿರಲಿಲ್ಲ. ಸುಂಕಪ್ಪ, "ಉಳಕೊಂಡಳ್ರಿ ಸಾವ್ಕಾರ್ರ, ಉಳಕೊಂಡಳು" ಅಂತ ಅತ್ತ. ಆದರೆ ಶಾಂಭವಿ ಬಾಯಿ ತೆರೆದು ಗಾಳಿಗಾಗಿ ಒದ್ದಾಡುತ್ತಿದ್ದಳು. ಕೈಸನ್ನೆ ಮಾಡಿ ಪಂಪು ಕೇಳಿದಳು. ಪಂಪಿದ್ದ ಚೀಲ ಕಾರಿನೊಳಗೆ ಉರಿಯುತ್ತಿತ್ತು.

ನಾನೇ ಕೊಂದೆ, ನನ್ನ ಕೈಯಾರೆ ಕೊಂದೆ ಎಂದು ಬೆನಕಪ್ಪನಿಗೆ ಅಲ್ಲೇ ಅನಿಸಿತು.

ಹರಪನಹಳ್ಳಿ ಕಡೆಯಿಂದ ಬಂದ ಬಸ್ಸಿಗೆ ಸುಂಕಪ್ಪ ಅಡ್ಡ ನಿಂತ. ಜನ ಎದ್ದು ಸೀಟು ಬಿಟ್ಟರು. ಡ್ರೈವರ್ ಪುಣ್ಯಾತ್ಮ, ಉರಿಯುವ ಕಾರನ್ನು ತಪ್ಪಿಸಿ ಹೊಲಕ್ಕೇ ಬಸ್ಸು ಇಳಿಸಿ ರಸ್ತೆ ಹತ್ತಿಸಿದ. ಆಮೇಲೆ ಯಾವ ಸ್ಟಾಪಿನಲ್ಲೂ ನಿಲ್ಲಿಸಲಿಲ್ಲ, ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ. ಮಲಗಿಸಿದರೆ ಉಸಿರು ಇನ್ನೂ ಕಟ್ಟುತ್ತದೆಂದು ಬೆನಕಪ್ಪ ಮಗಳನ್ನು ಎದೆಗೆ ಆನಿಸಿ ನೆಟ್ಟಗೆ ಕೂರಿಸಿಕೊಂಡಿದ್ದ. ಅವಳು ಅವನ ಅಂಗಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ತುಟಿ ನೀಲಿಯಾಗುತ್ತಿತ್ತು.

"ಬಂತವ್ವಾ, ಊರು ಬಂತು. ನೋಡಲ್ಲಿ" ಅನ್ನುತ್ತಲೇ ಇದ್ದ.

ಊರಿನ ಮೊದಲ ಮನೆಗಳು ಕಾಣುವ ಹೊತ್ತಿಗೆ ಅಂಗಿ ಹಿಡಿದಿದ್ದ ಕೈ ಸಡಿಲಾಯಿತು. ಬೆನಕಪ್ಪ ಅವಳ ಮೂಗಿನ ಹತ್ತಿರ ಕೆನ್ನೆ ಒಯ್ದು ಸುಮ್ಮನೆ ಕಾದ. ಮತ್ತೊಮ್ಮೆ ಕಾದ. ಆಮೇಲೆ ಮಗಳನ್ನು ಎತ್ತಿಕೊಂಡೇ ಮೆಲ್ಲಗೆ ಮುಂದೆ ನಡೆದು ಡ್ರೈವರಿನ ಹಿಂದೆ ನಿಂತ.

"ಇನ್ನ ಸಾವಕಾಶ ಹೋಗಪ್ಪ" ಅಂದ. "ಅವಸರ ಇಲ್ಲ."