ದರ್ಜಿಯ ಹೆಬ್ಬೆರಳು

“ಬೈಯಬಾರದು ಸಿಸ್ಟರ್. ಒಂದು ಖುಷಿ ವಿಷಯ ಹೇಳ್ತೀನಿ,” ಎಂದಳು ದರ್ಜಿಯ ಹೆಂಡತಿ.

ಸಂಜೆ ನಾಲ್ಕರ ಭೇಟಿ ಮುಗಿಯಲು ಇನ್ನು ಮೂರೇ ನಿಮಿಷವಿತ್ತು. ತೀವ್ರ ನಿಗಾ ಘಟಕದ ಹಿರಿಯ ನರ್ಸಿಗೆ ಅದು ಗೋಡೆಯ ಗಡಿಯಾರ ನೋಡದೆಯೂ ಗೊತ್ತಿತ್ತು. ಹತ್ತು ನಿಮಿಷ ಹನ್ನೊಂದಾಗಲು ಬಿಡದ ಅವಳಿಗೆ ‘ಗಡಿಯಾರ’ ಎಂಬ ಅಡ್ಡಹೆಸರು ಸುಮ್ಮನೆ ಬಂದಿರಲಿಲ್ಲ. ಬಂದವರು ದೂರ ನಿಂತು ನೋಡಬೇಕು, ರೋಗಿಯನ್ನು ಮುಟ್ಟಕೂಡದು ಎಂಬುದೂ ಅವಳದೇ ಕಟ್ಟಪ್ಪಣೆ. ಸೋಂಕಿನಿಂದ ಇಬ್ಬರು ಸತ್ತ ಮೇಲೆ ಮಾಡಿದ್ದು.

“ಹೇಳಮ್ಮ.”

ಹೆಂಡತಿ ಹೊದಿಕೆ ಸರಿಸಿದಳು. ಕೊಳವೆ ಕಿತ್ತುಕೊಳ್ಳದಿರಲೆಂದು ದರ್ಜಿಯ ಎಡಗೈಗೆ ಕಟ್ಟಿದ್ದ ದಪ್ಪ ಬಟ್ಟೆಯ ಚೀಲ ಬಿಚ್ಚಿಕೊಂಡಿತ್ತು.

“ನಿನ್ನೆಯಿಂದ ಕದ್ದು ಬಿಚ್ಚಿ ಮತ್ತೆ ಕಟ್ತಾ ಇದೀನಿ. ಕೈ ಹಿಡ್ಕೊಂಡ್ರೆ ಹೆಬ್ಬೆರಳಲ್ಲಿ ಒತ್ತುತಾರೆ, ಮೆಷಿನ್ ಮುಂದೆ ಬಟ್ಟೆ ತಳ್ಳೋ ಹಾಗೆ. ಕೈಗೆ ಮುಂಚೆ ಎಚ್ಚರ ಆಗಿದೆ. ಆಸಾಮಿ ಏಳಬೇಕಷ್ಟೆ, ಮೊದಲಿಂದ್ಲೂ ಸೋಮಾರಿ.”

ಒಂಬತ್ತು ದಿನಗಳಲ್ಲಿ ಅವಳು ನಕ್ಕಿದ್ದು ಇದೇ ಮೊದಲು. ನರ್ಸ್ ಬಗ್ಗಿ ನೋಡಿದಳು. ಹೆಬ್ಬೆರಳು ಮಡಚಿಕೊಳ್ಳುತ್ತಿತ್ತು, ಬಿಚ್ಚಿಕೊಳ್ಳುತ್ತಿತ್ತು, ಮತ್ತೆ ಮಡಚಿಕೊಳ್ಳುತ್ತಿತ್ತು. ಅದೇ ತಾಳಕ್ಕೆ ತುಟಿಯ ಎಡ ಅಂಚೂ ಸಣ್ಣಗೆ ಎಳೆಯುತ್ತಿತ್ತು.

“ಕೈ ಬಿಡಮ್ಮ.”

ಬಿಟ್ಟಳು. ಹೆಬ್ಬೆರಳು ನಿಲ್ಲಲಿಲ್ಲ. ಅದಕ್ಕೆ ಯಾರ ಕೈಯೂ ಬೇಕಿರಲಿಲ್ಲ.

ನರ್ಸ್ ಡಾಕ್ಟರಿಗಾಗಿ ಕರೆಗಂಟೆ ಒತ್ತಿದಳು. ದರ್ಜಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಎಚ್ಚರ ತಪ್ಪಿದವನು. ಫಿಟ್ಸ್ ಬಾರದಿರಲೆಂದು ಏಳು ದಿನ ಔಷಧಿ ಹೋಗಿತ್ತು. ಮೊನ್ನೆ ಡಾಕ್ಟರು, “ಸಾಕು, ನಿಲ್ಲಿಸೋಣ. ಒಂದು ಕಣ್ಣಿಟ್ಟಿರಿ,” ಎಂದಿದ್ದರು. ಎರಡು ಗಂಟೆಗೊಮ್ಮೆ ಚೀಲ ಬಿಚ್ಚಿ ಬೆರಳು ನೋಡಿ ಎಂದು ಹೊಸಬರಿಗೆ ಕಲಿಸುವವಳೇ ಅವಳು. ಆದರೆ ಆರು ಹಾಸಿಗೆಗೆ ಇಬ್ಬರೇ ನರ್ಸುಗಳು. ನಿನ್ನೆ, ಇವತ್ತು ಎರಡೂ ದಿನ ಚೀಲದ ಕಟ್ಟು ಸಡಿಲವಾಗಿಲ್ಲವೆಂದು ಮೇಲಿನಿಂದಲೇ ನೋಡಿ, ‘ಫಿಟ್ಸ್ ಇಲ್ಲ’ ಎಂದು ಬರೆದುಬಿಟ್ಟಿದ್ದಳು.

ಡಾಕ್ಟರು ಓಡಿ ಬಂದರು. ನರಕ್ಕೆ ಸೂಜಿಮದ್ದು ಹೋಯಿತು.

“ಯಾವಾಗಿಂದ?”

ನರ್ಸ್ ಬಾಯಿ ತೆರೆಯುವಷ್ಟರಲ್ಲಿ, “ನಿನ್ನೆ ನಾಲ್ಕರಿಂದ ಸರ್,” ಎಂದಳು ಹೆಂಡತಿ. ದನಿಯಲ್ಲಿ ಇನ್ನೂ ಹೆಮ್ಮೆಯಿತ್ತು. ಡಾಕ್ಟರು ನರ್ಸಿನ ಮುಖ ನೋಡಿದರು. ಇನ್ನೊಂದು ಸೂಜಿಯಾದ ಮೇಲೆ ಹೆಬ್ಬೆರಳು ನಿಧಾನವಾಯಿತು, ಆಮೇಲೆ ನಿಂತಿತು.

“ಯಾಕೆ ಮಲಗಿಸಿಬಿಟ್ರಿ? ಈಗ ತಾನೇ ಏಳ್ತಾ ಇದ್ರು,” ಎಂದಳು ಹೆಂಡತಿ.

ನರ್ಸ್ ಅವಳನ್ನು ಬಾಗಿಲ ಬಳಿಯ ಬೆಂಚಿಗೆ ಕರೆದುಕೊಂಡು ಹೋಗಿ ಕೂರಿಸಿದಳು. “ಅದು ಎಚ್ಚರ ಅಲ್ಲಮ್ಮ. ಫಿಟ್ಸು.”

“ಫಿಟ್ಸ್ ಅಂದ್ರೆ ಮೈಯೆಲ್ಲಾ ಒದ್ದಾಡೋದಲ್ವಾ? ಬಾಯಲ್ಲಿ ನೊರೆ ಬರೋದಲ್ವಾ?”

“ಕೆಲವರಿಗೆ ಇಷ್ಟೇ ಕಾಣುತ್ತೆ. ಒಳಗೆ ಮಿದುಳಿಗೆ ಮಾತ್ರ ಪೆಟ್ಟು ಬೀಳ್ತಾನೇ ಇರುತ್ತೆ.”

ಹೆಂಡತಿ ತನ್ನ ಅಂಗೈಯನ್ನೇ ನೋಡುತ್ತ ಕುಳಿತಳು. “ಹಾಗಾದ್ರೆ ನಿನ್ನೇನೇ ಹೇಳಿದ್ದಿದ್ರೆ?”

ಇದಕ್ಕೆ ಹೇಳುವ ನಾಲ್ಕು ಸಮಾಧಾನದ ಮಾತುಗಳು ನರ್ಸಿಗೆ ಬಾಯಿಪಾಠವಾಗಿದ್ದವು. ಅವನ್ನು ಬಿಟ್ಟು, “ನಾನೇ ನೋಡ್ಬೇಕಿತ್ತಮ್ಮ,” ಎಂದಳು.

“ನೀವು ಬೈತೀರಾಂತ ಹೇಳ್ಲಿಲ್ಲ ಸಿಸ್ಟರ್. ನಾಳೆಯಿಂದ ಒಳಗೇ ಬಿಡದೆ ಹೋದ್ರೆ ಅಂತ.”

ಯಾರೋ ಕಪಾಳಕ್ಕೆ ಬಾರಿಸಿದಂತಾಯಿತು ನರ್ಸಿಗೆ. ಒಳಗೆ ಹೋಗಿ, ತಾನು ಬರೆದಿದ್ದ ‘ಫಿಟ್ಸ್ ಇಲ್ಲ’ಗಳ ಕೆಳಗೆ ನಡೆದದ್ದನ್ನು ನಡೆದ ಹಾಗೆಯೇ ಬರೆದು ಸಹಿ ಹಾಕಿದಳು.

ಮರುದಿನ ನಾಲ್ಕಕ್ಕೆ ಹೆಂಡತಿ ದೂರದಲ್ಲೇ ನಿಂತಳು. ನರ್ಸ್ ಮಂಚದ ಪಕ್ಕಕ್ಕೆ ಸ್ಟೂಲು ಎಳೆದು, ಚೀಲ ಬಿಚ್ಚಿದಳು. “ಕೈ ತೊಳ್ಕೊಂಡು ಬಾ. ಹಿಡ್ಕೊಂಡು ಕೂತ್ಕೋ.”

“ಎದ್ದೇಳ್ತಾರಾ ಸಿಸ್ಟರ್?”

“ಗೊತ್ತಿಲ್ಲಮ್ಮ. ಡಾಕ್ಟರಿಗೂ ಗೊತ್ತಿಲ್ಲ.”

ಹೆಂಡತಿ ಗಂಡನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು, ಆ ಹೆಬ್ಬೆರಳನ್ನೇ ರೆಪ್ಪೆ ಬಡಿಯದೆ ನೋಡುತ್ತ ಕುಳಿತಳು. ಅಲುಗಬೇಡ, ಅಲುಗಬೇಡ ಎಂದು ತುಟಿ ಹೇಳಿಕೊಳ್ಳುತ್ತಿತ್ತು. ಹತ್ತು ನಿಮಿಷವಾಯಿತು, ಹದಿನೈದಾಯಿತು. ನರ್ಸ್ ಗೋಡೆಯ ಕಡೆ ತಿರುಗಲಿಲ್ಲ.

“ಸಿಸ್ಟರ್, ಬನ್ನಿ. ಮತ್ತೆ ಶುರುವಾಯ್ತು.”

ಎರಡೇ ಹೆಜ್ಜೆಗೆ ಬಂದ ನರ್ಸ್ ನೋಡಿದಳು. ದರ್ಜಿಯ ಕೈಯನ್ನು ಅವಳಿಂದ ಮೆಲ್ಲನೆ ಬಿಡಿಸಿ ಹಾಸಿಗೆಯ ಮೇಲಿಟ್ಟಳು. ಹೆಂಡತಿಯ ಬರಿಗೈಗಳು ಗಾಳಿಯಲ್ಲಿ ಹಾಗೆಯೇ ನಡುಗುತ್ತಿದ್ದವು. ನರ್ಸ್ ಅವನ್ನು ತನ್ನ ಕೈಗಳಲ್ಲಿ ಹಿಡಿದುಕೊಂಡಳು.

ಹಾಸಿಗೆಯ ಮೇಲೆ ದರ್ಜಿಯ ಐದು ಬೆರಳೂ ಅಲುಗದೆ ಇಟ್ಟ ಹಾಗೆಯೇ ಇದ್ದವು.