ರಿಪೋರ್ಟಲ್ಲಿ ಏನೂ ಇಲ್ಲ

ಊರಿನ ಹಿರಿಯ ಅಶ್ವತ್ಥಪ್ಪ ಸೀರೆಯ ಒಂದು ತುದಿ ಹಿಡಿದು ಎಳೆದರೆ, ಸುಕನ್ಯ ಇನ್ನೊಂದು ತುದಿಯನ್ನು ಎದೆಗೆ ಅವುಚಿಕೊಂಡಳು. ನಡುವೆ ಚಟ್ಟದ ಮೇಲೆ ಅವಳ ಅಕ್ಕ ಶ್ಯಾಮಲ ಅರಿಸಿನ ಹಚ್ಚಿಸಿಕೊಂಡು ಮಲಗಿದ್ದಳು. ಇನ್ನೂ ಎಳೆ ಬಿಸಿಲು.

"ಬಿಡಮ್ಮ, ಒತ್ತಾಯ್ತೈತೆ. ತವರಿನ ಸೀರೆ ಒದಿಸ್ದೆ ಎಣ ಎತ್ತಂಗಿಲ್ಲ."

"ಗೊತ್ತು ಕಣಣ್ಣ, ಅದ್ಕೇ ಕೊಡ್ತಿಲ್ಲ." ಸುಕನ್ಯ ಅಕ್ಕನ ಗಂಡನ ಕಡೆ ತಿರುಗಿದಳು. "ನಿನ್ ಮಗ್ಳು ಚಂದನಾನ ನಂಜೊತೆ ಕಳಿಸ್ತೀನಿ ಅಂತ ಊರೋರ ಮುಂದೆ ಮಾತ್ಕೊಡು ಬಾವ. ದೊಡ್ಡ ಡಾಕ್ಟ್ರಿಗೆ ತೋರಿಸ್ಬೇಕು."

ನರೇಶ ತಲೆ ಎತ್ತಲಿಲ್ಲ. "ಮಗೀಗೇನಾಗೈತೆ? ಜ್ವರ ಅಂದಿದ್ಕೆ ಓದ್ವಾರ ಪರೀಕ್ಷೆಗೆ ರಕ್ತ ಕೊಟ್ಬಂದ್ವಲ್ಲ. ರಿಪೋರ್ಟಲ್ಲಿ ಏನೂ ಇಲ್ಲ."

"ಅಕ್ಕನ ರಿಪೋರ್ಟಲ್ಲೂ ಏನೂ ಇರ್ಲಿಲ್ಲ!"

ಬೂದಿಕೋಟೆಯ ಆ ಅಂಗಳದಲ್ಲಿ ತಮಟೆಯವನ ಕೈ ತಾನಾಗಿಯೇ ನಿಂತಿತು.

*

ಎರಡು ವರ್ಷದ ಹಿಂದೆ ಬಂಗಾರಪೇಟೆಯ ಲ್ಯಾಬಿನಿಂದ ತಂದ ಕಾಗದವದು. ಮೈಯೊಳಗೆ ಉರಿಯೂತ ಇದೆಯೇ ಎಂದು ನೋಡುವ ಪರೀಕ್ಷೆ ಎರಡು. ಸಿ.ಆರ್.ಪಿ. ನಾರ್ಮಲ್, ಇ.ಎಸ್.ಆರ್. ತೊಂಬತ್ತು, ಇರಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು. ತೊಂಬತ್ತಕ್ಕೆ, ಹೆಂಗಸರಿಗೆ ರಕ್ತ ಕಮ್ಮಿಯಿದ್ದರೆ ಹಾಗೇ ಎಂದು ಕಬ್ಬಿಣದ ಟಾನಿಕ್ ಸಿಕ್ಕಿತು. ನಾರ್ಮಲ್ಲಿಗೆ ಊರು ತುಂಬ ಪ್ರಚಾರ ಸಿಕ್ಕಿತು. ಶ್ಯಾಮಲಳ ಅತ್ತೆ ಚಿಕ್ಕವೆಂಕಟಮ್ಮ ಡೇರಿಯ ಮುಂದೆ ನಿಂತು ಸಾರಿದಳು: "ಆಲು ಕರಿಯಾಕೆ ಕೈನೋವು, ಉಣ್ಣಾಕೆ ನೋವಿಲ್ಲ."

ಶ್ಯಾಮಲ ಅತ್ತೆಯನ್ನು ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದಳು. ಊದಿದ ಬೆರಳನ್ನು ಮೂಗಿನ ಮೇಲಿಟ್ಟು ಅತ್ತೆಯ ಮೂಗುದನಿಯಲ್ಲಿ, "ರಿಪೋರ್ಟು ನೆಟ್ಟಗೈತೆ ಕಣಮ್ಮಿ, ಬೆರಳೇ ಸುಳ್ಳಾಡ್ತೈತೆ" ಎನ್ನುವಳು. ನಗುತ್ತಲೇ ನಾಲ್ಕು ಹಸು ಕರೆದಳು. ಕಾಲು ಊದಿತು, ಮುಖ ಊದಿತು. ಕೊನೆಗೆ ಕೋಲಾರದಲ್ಲಿ ನೋಡಿದ ಡಾಕ್ಟರು ಗದರಿದರು: "ಇದು ಲೂಪಸ್. ಮೈ ತನ್ನ ಮೇಲೆ ತಾನೇ ಬೀಳೋ ಕಾಯಿಲೆ. ಇದರಲ್ಲಿ ಎಷ್ಟೋ ಸಲ ಸಿ.ಆರ್.ಪಿ. ಏರೋದೇ ಇಲ್ಲ. ಮೂತ್ರ ಯಾಕೆ ಪರೀಕ್ಷೆ ಮಾಡಿಸ್ಲಿಲ್ಲ? ಎರಡೂ ಕಿಡ್ನಿ ಹೋಗಿವೆ."

ನರೇಶ ಆಗಲೂ ಲ್ಯಾಬಿನ ಕಾಗದವನ್ನೇ ಮುಂದೆ ಚಾಚಿದ್ದ.

*

"ಸೀರೆ ಕಿತ್ಕೊಳ್ರೋ!" ಚಿಕ್ಕವೆಂಕಟಮ್ಮ ಕಿರುಚಿದಳು. "ಎಣದ ಮುಂದೆ ಪಂಚಾಯ್ತಿ ಇಟ್ಟವ್ಳೆ."

"ಬದ್ಕಿದ್ದಾಗ ನೀವು ಇಟ್ಟಿರ್ಲಿಲ್ವಾ ಅತ್ತೆ, ದಿನಾ ಡೇರಿ ಮುಂದೆ?"

ಅಶ್ವತ್ಥಪ್ಪ ಜಗಳ ತಣಿಯಲೆಂದು, "ಬಾಯಿಗೆ ಅಕ್ಕಿ ಆಕೋ ಶಾಸ್ತ್ರನಾದ್ರೂ ಆಗ್ಲಿ. ಬಾರಮ್ಮ ಚಂದನ" ಎಂದ.

ಹದಿಮೂರರ ಹುಡುಗಿ ಮೊರದಿಂದ ಅಕ್ಕಿ ತೆಗೆದುಕೊಂಡಳು. ಬೆರಳು ಮಡಿಸಲಾಗಲಿಲ್ಲ. ಅಮ್ಮನ ಬಾಯಿಯವರೆಗೆ ಕೈ ತರುವಷ್ಟರಲ್ಲಿ ಕಾಳೆಲ್ಲ ಸಂದುಗಳಲ್ಲಿ ಜಾರಿ ಕೆನ್ನೆ, ಕೊರಳು, ನೆಲದ ಪಾಲಾಯಿತು. ಎರಡನೇ ಸಲವೂ ಹಾಗೆಯೇ.

"ನೆಟ್ಟಗೆ ಇಡ್ಕೊಳ್ಳಮ್ಮಿ," ಎಂದು ನರೇಶ ಮಗಳ ಮುಷ್ಟಿಯನ್ನು ತನ್ನ ಕೈಯಿಂದ ಒತ್ತಿ ಮುಚ್ಚಿದ. ಅವಳು ಚೀರಿದಳು. ಗೆಣ್ಣುಗಳು ಕೆಂಡದ ಪಕ್ಕ ಇಟ್ಟು ತೆಗೆದಷ್ಟು ಬಿಸಿಯಾಗಿದ್ದವು.

"ಯಾವಾಗಿಂದ ಇಂಗೆ?"

"ದಿನಾ ಬೆಳಿಗ್ಗೆ ಇಂಗೇ ಅಪ್ಪ. ಯಾರ್ಗೂ ಯೇಳ್ಬೇಡ, ಬೈತಾರೆ, ನಿನ್ ಪಾಲಿನ ಅಸೂನೂ ನಾನೇ ಕರೀತೀನಿ ಅಂದಿದ್ಲು ಅಮ್ಮ."

ನರೇಶ ಮಗಳ ಕೈ ಬಿಟ್ಟು ಗಂಟಲೊಳಗೇ, "ಕರ್ಕೊಂಡೋಗು" ಎಂದ.

"ಅಂಗಲ್ಲ ಬಾವ. ಊರೋರ ಕಿವಿಗೆ ಬೀಳಂಗೆ."

"ಕರ್ಕೊಂಡೋಗೂ!"

ಸುಕನ್ಯ ಸೀರೆ ಕೊಡವಿ ಬಿಡಿಸಿದಳು. ಅದು ಚಟ್ಟದ ಮೇಲೆ ಇಳಿಯುವಷ್ಟರಲ್ಲಿ ನರೇಶ ಮಂಡಿಯೂರಿ, ಹೆಂಡತಿಯ ಕೊರಳ ಮಡಿಕೆಯಲ್ಲಿ ಬಿದ್ದಿದ್ದ ಅಕ್ಕಿಕಾಳುಗಳನ್ನು ಒಂದೊಂದಾಗಿ ಆರಿಸಿ ಅವಳ ತುಟಿಗಿಡುತ್ತಿದ್ದ.